ಅಡಿಗೊಂದು ಅಕ್ಷ, ಕ್ಯೂಸೆಕ್‌ಗೊಂದು ಅಕ್ಷ

ಪ್ರಶ್ನೆ: ಪತ್ರಿಕೆಯಲ್ಲಿ ದಿನವೂ ಪ್ರಕಟವಾಗುವ ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟವನ್ನೂ ಒಳಹರಿವನ್ನೂ ನಮ್ಮ ಶಾಲೆಯ ಮಕ್ಕಳು ಜೂನ್‌ನಿಂದ ಎಕ್ಸೆಲ್‌ನಲ್ಲಿ ದಾಖಲಿಸುತ್ತಿದ್ದಾರೆ. ಎರಡನ್ನೂ ಒಂದೇ ಚಾರ್ಟ್‌ನಲ್ಲಿ ತೋರಿಸಿದರೆ ಒಳಹರಿವು ಮಾತ್ರ ಕಾಣುತ್ತದೆ, ಮಟ್ಟದ ಗೆರೆ ಕಾಣುವುದೇ ಇಲ್ಲ. ಇನ್ನೊಂದು ಅಕ್ಷವನ್ನು ಸೇರಿಸುವುದು ಹೇಗೆ? ಮಡಿಕೇರಿಯ ಮಳೆಗೆ ಮೂರನೆಯ ಅಕ್ಷವನ್ನೂ ಕೊಡಬಹುದೇ?
— ಪ್ರೌಢಶಾಲಾ ಶಿಕ್ಷಕಿ, ಪಾಂಡವಪುರ

ಉತ್ತರ: ಮಟ್ಟದ ಗೆರೆ ಅಳಿಸಿಹೋಗಿಲ್ಲ, ಅದು ತಳಕ್ಕೆ ಅಂಟಿಕೊಂಡಿದೆ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಒಳಹರಿವಾದರೋ ಮುಂಗಾರಿನಲ್ಲಿ ಹತ್ತಾರು ಸಾವಿರ ಕ್ಯೂಸೆಕ್ ಮುಟ್ಟುತ್ತದೆ. ಎಡಗಡೆಯ ಅಕ್ಷ 50,000ದವರೆಗೆ ಇದ್ದು ಚಾರ್ಟ್ ಹತ್ತು ಸೆಂಟಿಮೀಟರ್ ಎತ್ತರವಿದ್ದರೆ, ತುಂಬಿದ ಅಣೆಕಟ್ಟೆಯ ಮಟ್ಟಕ್ಕೂ ಅದರಲ್ಲಿ ಸಿಗುವುದು ಕಾಲು ಮಿಲಿಮೀಟರ್ ಮಾತ್ರ.

ಇಷ್ಟು ಕೆಳಗಿರುವ ಗೆರೆಯನ್ನು ಮೌಸ್‌ನಿಂದ ಹಿಡಿಯುವುದು ಕಷ್ಟವಾದ್ದರಿಂದ, ಚಾರ್ಟ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲಿನ 'ಚಾರ್ಟ್ ಡಿಸೈನ್' ಪಟ್ಟಿಯಲ್ಲಿ 'ಚೇಂಜ್ ಚಾರ್ಟ್ ಟೈಪ್' ತೆರೆದು, 'ಕಾಂಬೊ' ಎಂಬುದನ್ನು ಆರಿಸಿಕೊಳ್ಳಿ. ಅಲ್ಲಿ ಎರಡೂ ಅಂಕಣಗಳ ಹೆಸರು ಕಾಣುತ್ತವೆ. ಒಳಹರಿವಿಗೆ ಕಂಬವನ್ನೂ ಮಟ್ಟಕ್ಕೆ ಗೆರೆಯನ್ನೂ ಗೊತ್ತುಮಾಡಿ, ಮಟ್ಟದ ಮುಂದಿರುವ 'ಸೆಕೆಂಡರಿ ಆಕ್ಸಿಸ್' ಚೌಕಕ್ಕೆ ಗುರುತು ಹಾಕಿದರೆ ಬಲಗಡೆ ಹೊಸ ಅಕ್ಷ ಮೂಡುತ್ತದೆ. ಗೂಗಲ್ ಶೀಟ್ಸ್ ಬಳಸುವವರು ಚಾರ್ಟ್ ಎಡಿಟರ್‌ನ 'ಕಸ್ಟಮೈಸ್' ವಿಭಾಗದಲ್ಲಿ ಆ ಸೀರೀಸ್‌ಗೆ 'ರೈಟ್ ಆಕ್ಸಿಸ್' ಕೊಡಬೇಕು. ಇಷ್ಟಾದರೂ ಗೆರೆ ಸೊನ್ನೆಯಲ್ಲೇ ನಿಂತಿದ್ದರೆ, ಮಕ್ಕಳು ಕೋಶದೊಳಗೆ '118.20 ಅಡಿ' ಎಂದು ಮಾನವನ್ನೂ ಸೇರಿಸಿ ಬರೆದಿದ್ದಾರೆಯೇ ನೋಡಿ. ಹಾಗೆ ಬರೆದದ್ದನ್ನು ಎಕ್ಸೆಲ್ ಸಂಖ್ಯೆಯೆಂದು ಎಣಿಸುವುದಿಲ್ಲ.

ಎರಡನ್ನೂ ಗೆರೆಗಳಾಗಿಯೇ ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಎರಡು ಗೆರೆಗಳು ಒಂದನ್ನೊಂದು ದಾಟುವ ದಿನ ಏನೋ ವಿಶೇಷ ನಡೆಯಿತೆಂದು ಮಕ್ಕಳು ಭಾವಿಸುತ್ತಾರೆ. ಆದರೆ ಅಡಿಯೂ ಕ್ಯೂಸೆಕ್ಕೂ ಸಮನಾಗುವ ದಿನವೆಂಬುದು ಇಲ್ಲ, ಮತ್ತು ಬಲ ಅಕ್ಷದ ಮಿತಿಯನ್ನು ತುಸು ಬದಲಿಸಿದೊಡನೆ ಆ ಸಂಧಿಬಿಂದು ಬೇರೊಂದು ದಿನಾಂಕಕ್ಕೆ ಸರಿಯುತ್ತದೆ. ಕಂಬದ ಎತ್ತರವೇ ಪ್ರಮಾಣವನ್ನು ಹೇಳುವುದರಿಂದ ಒಳಹರಿವಿನ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕು. ಮಟ್ಟದ ಗೆರೆಗೆ ಆ ಕಟ್ಟುಪಾಡಿಲ್ಲ. ಬಲ ಅಕ್ಷದ ಅಂಕಿಗಳ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಕನಿಷ್ಠ 60, ಗರಿಷ್ಠ 130 ಎಂದು ಕೊಟ್ಟರೆ ಒಂದೆರಡು ಅಡಿಯ ಏರಿಳಿತವೂ ಕಣ್ಣಿಗೆ ಬೀಳುತ್ತದೆ. ಎಡಕ್ಕೆ 'ಕ್ಯೂಸೆಕ್', ಬಲಕ್ಕೆ 'ಅಡಿ' ಎಂದು ಶೀರ್ಷಿಕೆ ಬರೆಯಿಸಿ, ಆಯಾ ಶೀರ್ಷಿಕೆಗೆ ಕಂಬದ ಅಥವಾ ಗೆರೆಯ ಬಣ್ಣವನ್ನೇ ಹಾಕಿಸಿ.

ಮೂರನೆಯ ಲಂಬ ಅಕ್ಷವನ್ನು ಎಕ್ಸೆಲ್ ಕೊಡುವುದಿಲ್ಲ. ಮಳೆಯ ಅಂಕಿಗಳನ್ನು ಯಾವುದೋ ಸಂಖ್ಯೆಯಿಂದ ಗುಣಿಸಿ ಇರುವ ಅಕ್ಷಕ್ಕೇ ಹೊಂದಿಸುವ ಉಪಾಯವಿದೆಯಾದರೂ, ಅಕ್ಷದ ಮೇಲೆ ಓದಿದ ಸಂಖ್ಯೆ ನಿಜವಾದ ಮಳೆಯಾಗಿರುವುದಿಲ್ಲವಾದ್ದರಿಂದ ತರಗತಿಗೆ ಅದು ತಕ್ಕದ್ದಲ್ಲ. ಮಳೆಗೆ ಬೇರೆಯೇ ಚಾರ್ಟ್ ಮಾಡಿಸಿ, ಅದೇ ದಿನಾಂಕಗಳನ್ನು ಅದೇ ಅಗಲದಲ್ಲಿ ಇಟ್ಟು, ಮೊದಲಿನದರ ಕೆಳಗೆ ನೇರವಾಗಿ ಜೋಡಿಸಿ. ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಈ ಜಲಾಶಯಕ್ಕೆ ಸೇರುವುದರಿಂದ ಒಳಹರಿವಿನ ಎಲ್ಲ ಏರಿಕೆಗೂ ಮಡಿಕೇರಿಯ ಮಳೆಯೊಂದೇ ಕಾರಣವಲ್ಲ; ಆದರೂ ಅಲ್ಲಿ ಜೋರು ಮಳೆಯಾದ ದಿನದ ಕಂಬದ ನೇರಕ್ಕೆ ಒಂದು ಅಡಿಕೋಲನ್ನು ನಿಲ್ಲಿಸಿದರೆ, ಎಷ್ಟು ದಿನ ಕಳೆದ ಮೇಲೆ ಒಳಹರಿವು ಏರಿತೆಂಬುದನ್ನು ಮಕ್ಕಳೇ ಎಣಿಸಬಲ್ಲರು.