ಇನ್‌ಕಾರಿಜಿಬಲ್ ಅಂದರೆ ಬೈಗುಳವೇ?

ನೀವು ಕೇಳಿದ್ದು: “ಆಫೀಸಿನಲ್ಲಿ ಮ್ಯಾನೇಜರ್ ನಗುತ್ತಾ ‘ಯೂ ಆರ್ ಇನ್‌ಕಾರಿಜಿಬಲ್’ ಅಂದರು. ಅರ್ಥ ಏನು, ಪದ ಎಲ್ಲಿಂದ ಬಂತು, ನಾನು ಬೇಜಾರು ಮಾಡಿಕೊಳ್ಳಬೇಕಾ?”

ನಗುತ್ತಾ ಅಂದರಲ್ಲ, ಹಾಗಾದರೆ ಬೇಡ. ನನಗೆ ಈ ಪದ ಮೊದಲು ಸಿಕ್ಕಿದ್ದು ನಗು ಇಲ್ಲದ ಜಾಗದಲ್ಲಿ, ಪ್ರೋಗ್ರೆಸ್ ಕಾರ್ಡಿನಲ್ಲಿ, ಕೆಂಪು ಶಾಯಿಯಲ್ಲಿ.

ನಾನು ಕಾಸರಗೋಡಿನವ, ಬದಿಯಡ್ಕದ ಆಚೆ ಮನೆ. ಆಗ ಕನ್ನಡ ಮೀಡಿಯಮ್ಮಿನಲ್ಲಿ ಎಂಟನೇ ಕ್ಲಾಸು. ಸುತ್ತಮುತ್ತ ಎಲ್ಲಿ ಯಕ್ಷಗಾನದ ಆಟ ಇದ್ದರೂ ಬೆಳಗಿನವರೆಗೆ ಕೂತು ನೋಡುವುದು, ಮರುದಿನ ಬೆಂಚಿನ ಮೇಲೆ ನಿದ್ದೆ ಹೊಡೆಯುವುದು. ಹೊಡೆದರು, ಹೊರಗೆ ನಿಲ್ಲಿಸಿದರು, ಪುಸ್ತಕ ಮನೆಗೆ ಕಳಿಸಿದರು. ಕೊನೆಗೆ ಮಾಷ್ಟ್ರು ಸ್ವಭಾವದ ಕಾಲಮ್ಮಿನಲ್ಲಿ ಇಂಗ್ಲಿಷಿನ ಒಂದೇ ಒಂದು ಪದ ಬರೆದು ಕೈತೊಳೆದುಕೊಂಡರು.

ಅಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಏನು ಬರೆದಿದೆ ಎಂದು ಗೊತ್ತಾಗದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಅಡಿಕೆ ವ್ಯಾಪಾರದಲ್ಲಿ ಹಾಗೆ ಸಹಿ ಹಾಕಿ ಒಮ್ಮೆ ಕೈ ಸುಟ್ಟುಕೊಂಡಿದ್ದರು. ನನ್ನನ್ನೂ ಕರೆದುಕೊಂಡು ಪೋಸ್ಟ್ ಆಫೀಸಿಗೆ ಹೋದರು. “ಎಂತ ಬರೆದದ್ದು ಮಾಷ್ಟ್ರು?” ಎಂದು ಕಾರ್ಡು ಮುಂದಿಟ್ಟರು. ಪೋಸ್ಟ್ ಮಾಸ್ಟ್ರು ಡಿಕ್ಷನರಿ ತೆಗೆದು ಹುಡುಕಿದರು, ಸಿಗಲಿಲ್ಲ. ಮತ್ತೆ ಕಾರ್ಡು ನೋಡಿ, “ಇದರಲ್ಲಿ ಒಂದು ಆರ್ ಕಡಿಮೆ ಉಂಟಲ್ಲ ಮಾರಾಯ್ರೆ” ಅಂದರು. ಆಮೇಲೆ ಅರ್ಥ ಹೇಳಿದರು: “ತಿದ್ದಲಿಕ್ಕೆ ಆಗದವ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಿದ್ದಲಿಕ್ಕೆ ಆಗುವುದಿಲ್ಲ ಅಂತಾದರೆ ಶಾಲೆಗೆ ಯಾಕೆ ಕಳಿಸುವುದು?” ಎಂದು ಕೇಳಿದರು. ಮಾಷ್ಟ್ರನ್ನೂ ಹೀಗೇ ಕೇಳಿದರೋ ಏನೋ, ನನಗೆ ಹೇಳಲಿಲ್ಲ.

ಆ ಬಿಟ್ಟುಹೋದ ಆರ್‌ನಲ್ಲೇ ಪದದ ಅರ್ಧ ಕಥೆ ಇದೆ. ಲ್ಯಾಟಿನ್ನಿನಲ್ಲಿ ‘ರೆಗೆರೆ’ ಎಂದರೆ ನೇರ ದಾರಿಯಲ್ಲಿ ನಡೆಸು, ಆಳು ಎಂದರ್ಥ. ಅದಕ್ಕೆ ‘ಕೋಮ್’ ಎಂಬ ಉಪಸರ್ಗ ಸೇರಿದಾಗ ಮಕಾರ ಮುಂದಿನ ರಕಾರದೊಡನೆ ಒಂದಾಗಿ ‘ಕೊರ್ರಿಗೆರೆ’ ಆಯಿತು: ಪೂರ್ತಿ ನೆಟ್ಟಗೆ ಮಾಡು, ಸರಿಪಡಿಸು. ಸತ್ ಮತ್ತು ಜನ ಸೇರಿ ಸಜ್ಜನ ಆಗುತ್ತದಲ್ಲ, ಅದೇ ಬಗೆ. ಸಜ್ಜನನನ್ನು ಮಾಡಿದ ಸಂಧಿಯೇ ಈ ಪುಂಡನನ್ನೂ ಮಾಡಿದೆ! ಮೊದಲಿಗೆ ‘ಇನ್’ ಸೇರಿದರೆ ‘ಅಲ್ಲದ, ಆಗದ’ ಎಂಬ ನಿಷೇಧ. ನಮ್ಮ ‘ಅನ್ಯಾಯ’ದ ‘ಅ’ಗೆ ಇದು ದೂರದ ನೆಂಟ. ಒಟ್ಟಿನಲ್ಲಿ ‘ನೆಟ್ಟಗೆ ಮಾಡಲಾಗದ’. ಫ್ರೆಂಚಿನ ಜೊತೆ ಒಡನಾಡುತ್ತಿದ್ದ ಕಾಲದಲ್ಲೇ, 14ನೇ ಶತಮಾನದಲ್ಲಿ, ಇದು ಇಂಗ್ಲಿಷಿಗೆ ಬಂತು. ಕರೆಕ್ಟ್ ಇದರದೇ ಮನೆಯದು. ನೇಮಕಾತಿ ಪ್ರಕಟಣೆಯ ಬೆನ್ನಿಗೇ ಬರುವ ಕೊರಿಜೆಂಡಮ್, ಅಂದರೆ ತಿದ್ದೋಲೆ, ಅದೂ ಇದೇ ಮನೆಯದು.

ರೆಗೆರೆಯ ಬಳಗ ದೊಡ್ಡದು. ಇಂಗ್ಲಿಷಿನ ರೈಟ್, ರೂಲ್, ಸಂಸ್ಕೃತದ ಋಜು ಎಲ್ಲ ಒಂದೇ ಬೇರಿನವು. ನಮ್ಮ ಮಾಷ್ಟ್ರ ಕೈಯಲ್ಲಿ ಒಂದು ರೂಲುದೊಣ್ಣೆ ಇರುತ್ತಿತ್ತು. ಗೆರೆ ಎಳೆಯುವುದಕ್ಕೂ ಅದೇ, ಅಂಗೈಗೆ ಬಾರಿಸುವುದಕ್ಕೂ ಅದೇ. ಆ ರೂಲು ನಾಟದ ಅಂಗೈಯವನೇ ಇನ್‌ಕಾರಿಜಿಬಲ್. ಮಾಷ್ಟ್ರು ಆರ್ ಒಂದನ್ನು ನುಂಗಿದರೂ ಪದವನ್ನು ಮಾತ್ರ ಬೇರಿನ ಅರ್ಥದಲ್ಲೇ ಬಳಸಿದ್ದರು ಎಂದು ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಇದೇ ಚಿತ್ರ ನಮ್ಮಲ್ಲಿ ನಾಯಿಯ ಬಾಲದಲ್ಲಿದೆ. ನಳಿಗೆಯಲ್ಲಿ ಹಾಕಿದರೂ ಡೊಂಕು ಎನ್ನುತ್ತೇವೆ ನಾವು. ಪಕ್ಕದ ಮನೆಯ ಮಲಯಾಳದವರು ಹನ್ನೆರಡು ವರ್ಷ ಕೊಳವೆಯಲ್ಲಿಟ್ಟರೂ ಎಂದು ಗಡುವು ಸಮೇತ ಹೇಳುತ್ತಾರೆ. ಆದರೆ ಕನ್ನಡದಲ್ಲಿ ಇನ್ನೊಂದು ಗಾದೆಯೂ ಇದೆಯಲ್ಲ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅಲ್ಲಿ ನೆಟ್ಟಗಿರುವುದೇ ತಪ್ಪು, ಬಗ್ಗಬೇಕು. ಲ್ಯಾಟಿನ್ನಿನವರಿಗೆ ಈ ಗೊಂದಲ ಇರಲಿಲ್ಲ. ನಾನಂತೂ ಹುಡುಗನಾಗಿದ್ದಾಗ ಬಾಲವೋ ಗಿಡವೋ ಎಂದು ತಿಳಿಯದೆ ಎರಡಕ್ಕೂ ಪೆಟ್ಟು ತಿಂದಿದ್ದೇನೆ.

ಇನ್ನು ನಮ್ಮ ‘ತಿದ್ದು’ ಬೇರೆಯೇ ಜಾತಿಯ ಪದ. ಹೊಯ್ಗೆಯ, ಅಂದರೆ ಮರಳಿನ, ಮೇಲೆ ಬರೆದ ಅಕ್ಷರದ ಮೇಲೆಯೇ ಮಗುವಿನ ಬೆರಳು ಹಿಡಿದು ಮತ್ತೆ ಮತ್ತೆ ಓಡಿಸುವುದು ತಿದ್ದಿಸುವುದು. ಅಲ್ಲಿ ದೊಣ್ಣೆ ಇಲ್ಲ, ಕೈಮೇಲೆ ಕೈ ಇದೆ. ಹಾಗಾಗಿ ‘ತಿದ್ದಲಾಗದವ’ ಎಂಬ ಅನುವಾದ ನನಗೆ ಮೂಲಕ್ಕಿಂತ ಕಠೋರ ಅನ್ನಿಸುತ್ತದೆ. ಅಪ್ಪ ಸುಮ್ಮನಾದದ್ದು ಅದಕ್ಕೇ ಇರಬೇಕು.

ಕಠೋರ ಎಂದಾಗ ನೆನಪಾಯಿತು, ಈ ಪದ ಕಾನೂನಿನಲ್ಲೂ ಸಾಕಷ್ಟು ಕೆಲಸ ಮಾಡಿದೆ. ಇಂಗ್ಲೆಂಡಿನ 1824ರ ಅಲೆಮಾರಿ ಕಾಯಿದೆಯಲ್ಲಿ ಮೂರು ಮೆಟ್ಟಿಲು. ಮೊದಲನೆಯದು ಸೋಮಾರಿ, ಶಿಸ್ತಿಲ್ಲದವ: ಒಂದು ತಿಂಗಳವರೆಗೆ ಜೈಲು. ಮತ್ತೆ ಸಿಕ್ಕಿಬಿದ್ದರೆ ಪೋಕರಿ, ಅಲೆಮಾರಿ: ಮೂರು ತಿಂಗಳು. ಇನ್ನೊಮ್ಮೆ ಸಿಕ್ಕಿದರೆ, ಅಥವಾ ಜೈಲಿನಿಂದ ತಪ್ಪಿಸಿಕೊಂಡರೆ, ‘ಇನ್‌ಕಾರಿಜಿಬಲ್ ರೋಗ್’ ಎಂಬ ಬಡ್ತಿ: ಒಂದು ವರ್ಷದವರೆಗೆ ಕಠಿಣ ಸಜೆ, ಗಂಡಸಾದರೆ ಛಡಿಯೇಟು ಬೇರೆ. ಅದಕ್ಕೂ ಹಿಂದೆ, 1604ರ ಕಾನೂನಿನಲ್ಲಿ, ಇಂಥವರ ಎಡ ಭುಜದ ಮೇಲೆ ಕಾಯಿಸಿದ ಕಬ್ಬಿಣದಿಂದ ‘ಆರ್’ ಅಕ್ಷರದ ಬರೆ ಎಳೆಯುತ್ತಿದ್ದರು. ನನ್ನ ಕಾರ್ಡಿನಲ್ಲಿ ಬಿಟ್ಟುಹೋದ ಆರ್ ಅಲ್ಲಿ ಸಿಕ್ಕಿತು ನೋಡಿ.

ಒಬ್ಬ ಮನುಷ್ಯನಿಗೆ ಹೇಳಿದರೆ ಅದು ಶಿಕ್ಷೆ. ಇಡೀ ಸಮುದಾಯಕ್ಕೆ ಹೇಳಿದರೆ? ಅದೂ ಆಯಿತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟು ಕಾಯಿದೆಯ ತಳದಲ್ಲಿದ್ದದ್ದು ಇದೇ ನಂಬಿಕೆ: ಕೆಲವರು ಹುಟ್ಟಿನಿಂದಲೇ ತಿದ್ದಲಾಗದವರು. 1911ರ ಕಾಯಿದೆಯೊಂದಿಗೆ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಜೊತೆ ಅದೇ ಪ್ರಾಂತ್ಯದಲ್ಲಿತ್ತು. 1952ರಲ್ಲಿ ಕಾಯಿದೆ ರದ್ದಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಮ್ಮ ಗಾದೆಯನ್ನು ನಾನು ಅಷ್ಟು ಸಲೀಸಾಗಿ ಬಳಸದಿರುವುದು ಇದನ್ನು ಓದಿದ ಮೇಲೆ.

ಇದರ ಹತ್ತಿರದ ಎರಡು ಪದಗಳ ಜೊತೆ ಗೊಂದಲ ಬೇಡ. ರೆಸಿಡಿವಿಸ್ಟ್ ಎಂದರೆ ಶಿಕ್ಷೆ ಅನುಭವಿಸಿ ಬಂದೂ ಮರಳಿ ಅದೇ ಅಪರಾಧಕ್ಕೆ ಬೀಳುವವನು. ಮೂಲಾರ್ಥವೇ ‘ಹಿಂದಕ್ಕೆ ಬೀಳು’. ರೆಪ್ರೊಬೇಟ್ ಎಂದರೆ ಪರೀಕ್ಷೆಯಲ್ಲಿ ತಿರಸ್ಕೃತನಾದವನು. 1611ರ ಇಂಗ್ಲಿಷ್ ಬೈಬಲಿನಲ್ಲಿ ಶುದ್ಧವಾಗದ ಬೆಳ್ಳಿಗೆ ಈ ಪದ ಇದೆ. ನಮ್ಮ ಭಾಷೆಯಲ್ಲಿ ಒರೆಗೆ ನಿಲ್ಲದ್ದು ಅನ್ನಬಹುದು.

ನಿಮ್ಮ ಮ್ಯಾನೇಜರ್ ಆ ಎರಡನ್ನೂ ಹೇಳಲಿಲ್ಲ. ಇಂದಿನ ಇಂಗ್ಲಿಷಿನಲ್ಲಿ ಇನ್‌ಕಾರಿಜಿಬಲ್ ಹಲ್ಲು ಉದುರಿದ ಹುಲಿ. ಎಷ್ಟು ಸೋತರೂ ಆಸೆ ಬಿಡದವನಿಗೆ, ಎಷ್ಟು ಗದರಿದರೂ ತಮಾಷೆ ನಿಲ್ಲಿಸದವನಿಗೆ ಪ್ರೀತಿಯಿಂದಲೇ ಹೇಳುತ್ತಾರೆ. ಕನ್ನಡದಲ್ಲಿ “ನಿನಗೆ ಹೇಳಿ ಪ್ರಯೋಜನ ಇಲ್ಲ ಮಾರಾಯಾ” ಎನ್ನುತ್ತೇವಲ್ಲ, ಸುಮಾರಾಗಿ ಅದೇ. ಆದರೆ ಅದೇ ಪದ ವರ್ಷದ ಕೊನೆಯ ಅಪ್ರೈಸಲ್ ಹಾಳೆಯಲ್ಲಿ ಕಂಡರೆ ನಮ್ಮ ಅಪ್ಪನ ಹಾಗೆ ವಿಚಾರಿಸದೆ ಸಹಿ ಹಾಕಬೇಡಿ. ತಮಾಷೆಗೆ ಉತ್ತರ ಬರೆಯುವುದಾದರೆ “ಯೆಸ್, ಇನ್‌ಕಾರಿಜಿಬಲ್” ಎಂದೇ ಬರೆಯಿರಿ. ಆರ್ ಮಾತ್ರ ಎರಡು.