ಮಾಲ್ಟಾ ನೈಟ್ ಪದವಿ ಮುತ್ತಜ್ಜನಿಂದ ಮರಿಮಗನಿಗೆ ಇಳಿಯುವುದಿಲ್ಲ

ಪ್ರಶ್ನೆ: ನಮ್ಮ ಮುತ್ತಜ್ಜ ಮಾಲ್ಟಾ ಆರ್ಡರಿನ ನೈಟ್ ಆಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಆ ಪದವಿ ನನಗೂ ಸಲ್ಲುತ್ತದೆಯೇ? ಸಲ್ಲುವುದಾದರೆ ಯಾವ ಶ್ರೇಣಿ?

ಉತ್ತರ: ಸಲ್ಲುವುದಿಲ್ಲ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. 1113ರಲ್ಲಿ ಪೋಪ್ ಎರಡನೆಯ ಪಾಸ್ಕಲ್ ಅವರಿಂದ ಮಾನ್ಯತೆ ಪಡೆದ ಈ ಕ್ಯಾಥೊಲಿಕ್ ಧಾರ್ಮಿಕ ಸಂಸ್ಥೆ ಮೂಲತಃ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಟ್ಟವರದು. ಮಕ್ಕಳೇ ಇರಬಾರದವರ ಪದವಿ ಯಾರಿಗೆ ಇಳಿಯಬೇಕು? ಆದರೂ ಗೊಂದಲ ಹುಟ್ಟಲು ಕಾರಣವಿದೆ. ಇಲ್ಲಿ ವಂಶಾವಳಿಗೆ ಶತಮಾನಗಳ ಕಾಲ ಅಪಾರ ಬೆಲೆಯಿತ್ತು, ಆದರೆ ಅದು ಅಭ್ಯರ್ಥಿಯ ಹಿಂದಿನವರನ್ನು ತೂಗುವುದಕ್ಕಿತ್ತೇ ಹೊರತು ಮುಂದಿನವರಿಗೆ ಏನನ್ನೂ ಕೊಡುವುದಕ್ಕಲ್ಲ.

ಸಂಸ್ಥೆಯ ಜರ್ಮನ್ ವಿಭಾಗದಲ್ಲಿ 16 ಪೂರ್ವಜರ ಪುರಾವೆ ಬೇಕಿತ್ತು. ಅಭ್ಯರ್ಥಿಯ ತಂದೆತಾಯಿ, ಅಜ್ಜ ಅಜ್ಜಿಯರು ನಾಲ್ವರು, ಅವರ ಹೆತ್ತವರು ಎಂಟು ಮಂದಿ, ಅವರಿಗೂ ಹಿಂದಿನ ತಲೆಮಾರಿನ 16 ಮಂದಿ ಎಲ್ಲರೂ ಕುಲೀನರಾಗಿರಬೇಕಿತ್ತು. ಇಟಲಿಯಲ್ಲಿ ನಾಲ್ಕು ಮನೆತನಗಳು ಸಾಕು, ಆದರೆ ಪ್ರತಿಯೊಂದಕ್ಕೂ 200 ವರ್ಷಗಳ ಕುಲೀನತೆಯ ದಾಖಲೆ ತೋರಿಸಬೇಕು. ಇದನ್ನು ಪರಿಶೀಲಿಸಲು ನೇಮಕಗೊಂಡ ನೈಟ್‌ಗಳು ಅಭ್ಯರ್ಥಿಯ ಊರಿಗೇ ಹೋಗಿ, ಹಿರಿಯರನ್ನು ಪ್ರಮಾಣ ಮಾಡಿಸಿ ಕೇಳಿ, ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನು ತಿರುವಿಹಾಕಿ, ಸಮಾಧಿಕಲ್ಲಿನ ಮೇಲಿನ ಕುಲಲಾಂಛನಗಳನ್ನು ಹೋಲಿಸಿ ನೋಡುತ್ತಿದ್ದರು. ವ್ಯಾಪಾರಿಯ ಮನೆಯಿಂದ ಹೆಣ್ಣು ತಂದ ದೊಡ್ಡ ಮನೆತನದವನ ಮಗನಿಗೆ, ವಿಶೇಷ ವಿನಾಯಿತಿ ಸಿಗದಿದ್ದರೆ, ಬಾಗಿಲು ಅಲ್ಲೇ ಮುಚ್ಚುತ್ತಿತ್ತು. ಅಂಥ ಕಡತಗಳು ಇಂದಿಗೂ ಮಾಲ್ಟಾದ ರಾಜಧಾನಿ ವಲ್ಲೆಟ್ಟಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಒಬ್ಬನ ಕಡತ ಅವನದ್ದು ಮಾತ್ರ. ಅವನ ಅಣ್ಣನ ಮಗ ಸೇರಬೇಕೆಂದರೂ ತನ್ನ ತಾಯಿಯ ಕಡೆಯ ಪುರಾವೆಯನ್ನು ಹೊಸದಾಗಿಯೇ ತರಬೇಕು.

ಇನ್ನು ಶ್ರೇಣಿ. ಇಂದು ಮೂರು ವರ್ಗಗಳಿವೆ: ವ್ರತ ತೊಟ್ಟವರು, ವಿಧೇಯತೆಯ ವಾಗ್ದಾನ ಮಾಡಿದವರು, ಯಾವ ವ್ರತವೂ ಇಲ್ಲದವರು. ಸುಮಾರು 13,500 ಸದಸ್ಯರಲ್ಲಿ ಬಹುಪಾಲು ಸಂಸಾರವಂತರಿರುವುದು ಮೂರನೆಯ ವರ್ಗದಲ್ಲೇ, ನಿಮ್ಮ ಮುತ್ತಜ್ಜ ನಿಜಕ್ಕೂ ಸದಸ್ಯರಾಗಿದ್ದರೆ ಅವರೂ ಇದರಲ್ಲೇ ಇದ್ದಿರಬೇಕು. ಇದರೊಳಗಿನ ‘ಆನರ್ ಅಂಡ್ ಡಿವೋಷನ್’ ಉಪವರ್ಗಕ್ಕೆ ಪರಂಪರೆಯಿಂದ ಕುಲೀನತೆಯ ದಾಖಲೆ ಬೇಕು, ‘ಮ್ಯಾಜಿಸ್ಟ್ರಲ್ ಗ್ರೇಸ್’ಗೆ ಬೇಡ. 2022ರಲ್ಲಿ ಪೋಪ್ ಫ್ರಾನ್ಸಿಸ್ ಜಾರಿಗೊಳಿಸಿದ ಸಂಸ್ಥೆಯ ಹೊಸ ಸಂವಿಧಾನವಂತೂ ಅದರ ಮುಖ್ಯಸ್ಥನಾದ ಗ್ರ್ಯಾಂಡ್ ಮಾಸ್ಟರ್ ಹುದ್ದೆಗಿದ್ದ ಕುಲೀನತೆಯ ಷರತ್ತನ್ನೇ ತೆಗೆದುಹಾಕಿತು. ಹಾಗಾಗಿ ಮೊದಲು ಹೆಸರು, ದಿನಾಂಕ, ವರ್ಗ ಇರುವ ಸನದು ಹುಡುಕಿ. ಅಜ್ಜಿಯ ಪೆಟ್ಟಿಗೆಯಲ್ಲಿ ಸಂಸ್ಥೆಯ ಲಾಂಛನವಾದ ಎಂಟು ಮೊನೆಯ ಶಿಲುಬೆ ಸಿಕ್ಕಿತೆಂಬುದು ಪುರಾವೆಯಲ್ಲ.

ಪ್ರಶ್ನೆ: ‘ರಷ್ಯನ್ ಶಾಖೆ’ಯೊಂದು ಶುಲ್ಕ ಪಡೆದು ವಂಶಪಾರಂಪರ್ಯ ನೈಟ್ ಪದವಿ ಕೊಡುತ್ತದಂತೆ. ನಂಬಬಹುದೇ?

ಉತ್ತರ: ನಂಬಬೇಡಿ, ಹಣ ಕಳಿಸಬೇಡಿ. 1798ರಲ್ಲಿ ನೈಟ್‌ಗಳ ಒಂದು ಗುಂಪು ವಿವಾಹಿತನೂ ಆರ್ಥೊಡಾಕ್ಸ್ ಪಂಥದವನೂ ಆದ ತ್ಸಾರ್ ಪಾವೆಲ್‌ನನ್ನು ಗ್ರ್ಯಾಂಡ್ ಮಾಸ್ಟರ್ ಎಂದು ಘೋಷಿಸಿತು, ಪೋಪ್ ಅದನ್ನು ಮಾನ್ಯ ಮಾಡಲಿಲ್ಲ; ಆ ಒಂದು ಎಳೆ ಹಿಡಿದು ಇಂದಿಗೂ ಅಂಗಡಿ ತೆರೆಯುವವರಿದ್ದಾರೆ. ಓದುಗರೊಬ್ಬರು ನನಗೆ ತೋರಿಸಿದ ಸನದಿನಲ್ಲಿ ಬಂಗಾರದ ಬಣ್ಣದ ಕಿರೀಟವಿತ್ತು, ಮೇಣದ ಮುದ್ರೆಯಿತ್ತು, ಎರಡೇ ಸಾಲಿನ ಲ್ಯಾಟಿನ್‌ನಲ್ಲಿ ಮೂರು ತಪ್ಪುಗಳಿದ್ದವು. ಕ್ಯಾಥೊಲಿಕ್ ನೈಟ್ ಸಂಸ್ಥೆಗಳಲ್ಲಿ ಮಾಲ್ಟಾ ಮತ್ತು ಹೋಲಿ ಸೆಪಲ್ಕರ್ ಎರಡನ್ನು, ಜೊತೆಗೆ ತನ್ನವೇ ಆದ ಪದವಿಗಳನ್ನು ಮಾತ್ರ ಮಾನ್ಯ ಮಾಡುವುದಾಗಿ ವ್ಯಾಟಿಕನ್ 2012ರಲ್ಲೇ ಸ್ಪಷ್ಟಪಡಿಸಿದೆ.

ಪ್ರಶ್ನೆ: ಕೇರಳದಲ್ಲಿ ‘ಶೆವಲಿಯರ್’ ಎನ್ನುತ್ತಾರಲ್ಲ, ಅದೂ ಇದೇ ತಾನೇ?

ಉತ್ತರ: ಅಲ್ಲ. ಅಲ್ಲಿ ಕ್ಯಾಥೊಲಿಕ್ ಗಣ್ಯರ ಹೆಸರಿನೊಂದಿಗೆ ಕಾಣುವ ಆ ಬಿರುದು ಸಾಮಾನ್ಯವಾಗಿ ಪೋಪರು ನೇರವಾಗಿ ನೀಡುವ ಗೌರವದಿಂದ ಬಂದದ್ದು, ಅದೂ ಮಕ್ಕಳಿಗೆ ಸಲ್ಲುವುದಿಲ್ಲ.

ಪ್ರಶ್ನೆ: ಸದಸ್ಯರಾದವರು ಹೆಸರಿನ ಹಿಂದೆ ‘ಸರ್’ ಎಂದು ಬರೆದುಕೊಳ್ಳಬಹುದೇ?

ಉತ್ತರ: ಅದು ಬ್ರಿಟಿಷ್ ಅರಸೊತ್ತಿಗೆಯ ಬಿರುದು. ಇಲ್ಲಿರುವುದು ‘ಫ್ರಾ’, ಅಂದರೆ ಸಹೋದರ; ಅದನ್ನೂ ವ್ರತ ತೊಟ್ಟವರು ಮಾತ್ರ ಬಳಸಬೇಕು.