ಬೂತಾಯಿ ಎಲ್ಲಿ ಹೋಯಿತು: ಕಾಸರಗೋಡಿನ ಕಡಲಕರೆಯಿಂದ ಉತ್ತರ

ಒಂದು ವರ್ಷ ರಾಶಿ ಬೀಳುವ ಬೂತಾಯಿ (ಸಾರ್ಡೀನ್ ಮೀನು) ಇನ್ನೊಂದು ವರ್ಷ ಕಣ್ಣಿಗೇ ಬೀಳುವುದಿಲ್ಲವೇಕೆ ಎಂದು ಕೇಳಿದ್ದೀರಿ. ಮಲಯಾಳಿಗಳ ಮತ್ತಿಯೂ ಇದೇ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಮೂರೂವರೆ ಸಾವಿರ ಟನ್ನೂ ತುಂಬಲಿಲ್ಲ. ಮರಿಮೀನು ಬಾಚಿದ್ದೂ ಇದಕ್ಕೊಂದು ಕಾರಣ. ಆದರೆ ನೀರಿನ ಬಿಸಿಯನ್ನು ಬಿಟ್ಟು ಈ ಲೆಕ್ಕ ಕೂಡುವುದಿಲ್ಲ.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇಯಲ್ಲಿ ಇಲ್ಲಿ ಕಡಲಿನ ಮೇಲ್ನೀರು 30 ಡಿಗ್ರಿ ದಾಟುವುದು ಮಾಮೂಲಿ. ಅದನ್ನೇ ಕಡಲಿನ ಉಷ್ಣ ಅಲೆ, ಅಂದರೆ ನೀರು ವಾಡಿಕೆ ಮೀರಿ ದಿನಗಟ್ಟಲೆ ಕಾದಿರುವುದು, ಎನ್ನಬೇಡಿ. ಅದೇ ಜಾಗದ, ಅದೇ ದಿನಾಂಕದ ಆಸುಪಾಸಿನ 30 ವರ್ಷಗಳ ಉಷ್ಣತೆಯನ್ನು ಏರಿಕೆಯ ಸಾಲಿನಲ್ಲಿಟ್ಟು, ನೂರರಲ್ಲಿ ತೊಂಬತ್ತು ಅದಕ್ಕಿಂತ ಕೆಳಗೆ ಬರುವ ಮಟ್ಟವನ್ನು ಗುರುತಿಸುತ್ತಾರೆ. ಈಗಿನ ನೀರು ಆ ಮಟ್ಟದ ಮೇಲೆ ಸತತ 5 ದಿನ ನಿಂತರೆ ಮಾತ್ರ ಉಷ್ಣ ಅಲೆ. ನಡುವೆ ಎರಡು ದಿನ ತಣಿದರೂ ಅಲೆ ಒಂದೇ ಎಂದು ಎಣಿಕೆ. ಹಾಗಾಗಿ ಆಗಸ್ಟಿನಲ್ಲಿ ಏಪ್ರಿಲಿಗಿಂತ ತಣ್ಣಗಿರುವ ನೀರೂ ಉಷ್ಣ ಅಲೆಯ ಲೆಕ್ಕಕ್ಕೆ ಬರಬಹುದು. ಮೀನಿಗೆ ಹೆಚ್ಚು ಪೆಟ್ಟು ಬೀಳುವುದೂ ಆ ಹೊತ್ತಿನಲ್ಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮೇಲ್ನೀರನ್ನು ಕರೆಯಿಂದ ಆಚೆ ತಳ್ಳುತ್ತದೆ. ತಳದ ತಣ್ಣೀರು ಸತ್ವ ಹೊತ್ತು ಮೇಲೆ ಬರುತ್ತದೆ. ಅದರಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯೇ ಬೂತಾಯಿಗೆ ಊಟ. ಮೇಲ್ನೀರು ವಿಪರೀತ ಕಾದರೆ ಹಗುರಾಗಿ ಮುಚ್ಚಳದಂತೆ ಕೂರುತ್ತದೆ, ಕೆಳಗಿನ ಸತ್ವ ಏರುವುದಿಲ್ಲ. ಮೀನು ಆಳಕ್ಕೋ ದೂರಕ್ಕೋ ಸರಿಯುತ್ತದೆ. ಕರೆಯ ಹತ್ತಿರ ಬಲೆ ಹಾಕುವ ನಾಡದೋಣಿಯವರಿಗೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಸಿಕ್ಕ ಬೂತಾಯಿಯಲ್ಲೂ ನೆಣ ಕಡಿಮೆ.

ಲಕ್ಷದ್ವೀಪದ ಹವಳಕ್ಕೆ ಓಡಿಹೋಗುವ ದಾರಿಯೂ ಇಲ್ಲ. ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಅದು ಬಿಳಿಚತೊಡಗುತ್ತದೆ, ಎಂಟು ವಾರವಾದರೆ ಸಾಯತೊಡಗುತ್ತದೆ. 1998, 2010, 2016, ಮತ್ತೆ 2024ರಲ್ಲಿ ಅಲ್ಲಿ ಹವಳ ಬಿಳಿಚಿತು.

ಎರಡು ರಾಜ್ಯಗಳ ಗಡಿಯಾದ ತಲಪಾಡಿ ದಾಟಿದರೆ ಕಾನೂನು ಬೇರೆ: ಮಳೆಗಾಲದ ಟ್ರಾಲಿಂಗ್ (ಯಂತ್ರದೋಣಿಯಿಂದ ಬಲೆ ಎಳೆಯುವ ಮೀನುಗಾರಿಕೆ) ನಿಷೇಧ ಕರ್ನಾಟಕದಲ್ಲಿ 61 ದಿನ, ಕೇರಳದಲ್ಲಿ 52. ನೀರಿನ ಬಿಸಿ ಎರಡೂ ಕಡೆ ಒಂದೇ. ಉಷ್ಣ ಅಲೆಯ ಮುನ್ಸೂಚನೆಯನ್ನೂ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನೂ ಕೇಂದ್ರ ಸರಕಾರದ ಸಾಗರ ಮಾಹಿತಿ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್ ಕೊಡುತ್ತದೆ. ಉಪಗ್ರಹ ನೋಡುವುದು ಮೇಲ್ಪದರವನ್ನಷ್ಟೇ, ಮೋಡ ಕವಿದರೆ ಅದೂ ಕಷ್ಟ.

ಕೇರಳದಲ್ಲಿ 10 ಸೆಂ.ಮೀ.ಗಿಂತ ಸಣ್ಣ ಬೂತಾಯಿ ಹಿಡಿಯುವಂತಿಲ್ಲ. ಕಡಲು ಕಾದ ವರ್ಷ ಉಳಿದ ಮರಿಗಳೇ ಮುಂದಿನ ವರ್ಷದ ಬಿತ್ತನೆ. ಬುಟ್ಟಿಯಲ್ಲಿ ಅಂಥವು ಕಂಡರೆ ದಯವಿಟ್ಟು ಕೊಳ್ಳಬೇಡಿ.